ಕೆನಡಾದಲ್ಲಿ ಓದುತ್ತಾ ಕೆಲಸ: ಸಿನ್, ಸಿಪಿಪಿ, ಇಐ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಸೆಪ್ಟೆಂಬರ್ ಮತ್ತು ಜನವರಿಯಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ನನಗೆ ಫೋನು, ಪತ್ರ, ಮೆಸೇಜು ಶುರುವಾಗುತ್ತವೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ತೊಡಕಿನವು. ಡಾಲರ್ ಎಂದರೆ ಎಲ್ಲ ಕಡೆ ಕೆನಡಾದ ಡಾಲರ್. ದರಗಳು 2025ರವು. ಪ್ರತಿ ಜನವರಿಯಲ್ಲಿ ಇವು ಸ್ವಲ್ಪ ಬದಲಾಗುತ್ತವೆ, ಹಾಗಾಗಿ ನಿಮ್ಮ ವರ್ಷದ ದರವನ್ನು ಒಮ್ಮೆ ನೋಡಿಕೊಳ್ಳಿ.

## ನಂಬರ್ ಕೈಗೆ ಬರುವ ತನಕ

ಅಕ್ಕಾ, ಈ ಸಿನ್ ಅಂದ್ರೆ ಏನು? ನಮ್ಮ ಆಧಾರ್ ಥರಾನಾ?

ಅಲ್ಲ. ಸೋಷಿಯಲ್ ಇನ್ಶೂರೆನ್ಸ್ ನಂಬರ್ ಎನ್ನುವುದರ ಚಿಕ್ಕ ಹೆಸರು ಸಿನ್. 9 ಅಂಕಿಯ ನಂಬರ್. ಕೆನಡಾ ಇದನ್ನು 1964ರಲ್ಲಿ ತಂದಿತು. ನಿಮ್ಮ ಸಂಬಳ, ತೆರಿಗೆ, ಪಿಂಚಣಿಗೆ ಕಟ್ಟಿದ ಹಣ, ನಿರುದ್ಯೋಗ ವಿಮೆಗೆ ಕಟ್ಟಿದ ಹಣ, ಇಷ್ಟೂ ಈ ನಂಬರಿನ ಕೆಳಗೆ ಜಮೆಯಾಗುತ್ತವೆ. ಇದರಲ್ಲಿ ಫೋಟೋ ಇಲ್ಲ, ವಿಳಾಸ ಇಲ್ಲ. ಗುರುತಿನ ಚೀಟಿಯಾಗಿ ತೋರಿಸುವ ವಸ್ತುವೂ ಅಲ್ಲ. ಪ್ಯಾನ್ ನಂಬರ್ ಮತ್ತು ಪಿಎಫ್ ನಂಬರ್ ಎರಡೂ ಸೇರಿದ ಹಾಗೆ ಅಂದುಕೊಂಡರೆ ಹತ್ತಿರ ಬರುತ್ತದೆ.

ತಾತ್ಕಾಲಿಕವಾಗಿ ಬಂದವರ ಸಿನ್ 9ರಿಂದ ಶುರುವಾಗುತ್ತದೆ. ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ. ಸಾಮಾನ್ಯವಾಗಿ ಸ್ಟಡಿ ಪರ್ಮಿಟ್ ಮುಗಿಯುವ ದಿನವೇ ಆ ದಿನ.

ಸಿನ್ ಸಿಕ್ಕಿದ್ರೆ ಕೆಲಸಕ್ಕೆ ಪರ್ಮಿಷನ್ ಸಿಕ್ಕ ಹಾಗೇ ಅಲ್ವಾ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಕೆಲಸ ಮಾಡುವ ಹಕ್ಕು ಬರುವುದು ಸ್ಟಡಿ ಪರ್ಮಿಟ್‌ನಿಂದ, ಅದರ ಷರತ್ತುಗಳಿಂದ. ಸಿನ್ ಬರೀ ಲೆಕ್ಕದ ನಂಬರ್.

ಕಾಲೇಜು ಶುರುವಾಗುವ ಮೊದಲು ಕೆಲಸ ಮಾಡುವಂತಿಲ್ಲ. ಶುರುವಾದ ಮೇಲೆ, ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಈ ಮಿತಿ 2024ರ ನವೆಂಬರ್ 8ರಿಂದ ಇದೆ. ಅದಕ್ಕೂ ಮೊದಲು 20 ಗಂಟೆ ಇತ್ತು. ನಡುವೆ 2022ರ ನವೆಂಬರ್‌ನಿಂದ 2024ರ ಏಪ್ರಿಲ್ ಕೊನೆಯವರೆಗೆ ಮಿತಿಯನ್ನು ಸಡಿಲ ಮಾಡಿದ್ದರು. ಆಗ ಬಂದ ಸೀನಿಯರ್‌ಗಳು "ಎಷ್ಟು ಬೇಕಾದರೂ ಮಾಡಬಹುದು" ಎಂದರೆ ಅದು ಅವರ ಕಾಲದ ಮಾತು. ಕಾಲೇಜಿನ ನಿಗದಿತ ರಜೆಯಲ್ಲಿ ಮಾತ್ರ ಪೂರ್ಣಾವಧಿ ಮಾಡಬಹುದು. ಕ್ಯಾಂಪಸ್ ಒಳಗಿನ ಕೆಲಸಕ್ಕೆ ಈ ಗಂಟೆಯ ಮಿತಿ ಇಲ್ಲ.

ನಿಮ್ಮ ಪರ್ಮಿಟ್ ಕಾಗದದ ಷರತ್ತುಗಳನ್ನು ಓದಿ. ಕೆಲಸ ಮಾಡಬಹುದು ಎಂಬ ಸಾಲು ಅಲ್ಲಿರಬೇಕು. ಅರ್ಹತೆ ಇದ್ದೂ ಆ ಸಾಲು ಬಿಟ್ಟುಹೋಗಿದ್ದರೆ ವಲಸೆ ಇಲಾಖೆ ಐಆರ್‌ಸಿಸಿಗೆ ಬರೆದು ತಿದ್ದಿಸಿಕೊಳ್ಳಿ. ಆ ಸಾಲು ಇಲ್ಲದೆ ಸಿನ್ ಕೊಡುವುದಿಲ್ಲ.

ಸಿನ್ ಮಾಡಿಸಿಕೊಡ್ತೀನಿ ಅಂತ ಒಬ್ಬರು ದುಡ್ಡು ಕೇಳ್ತಿದ್ದಾರೆ. ಎಷ್ಟು ಕೊಡೋದು ಸರಿ?

ಒಂದು ಡಾಲರೂ ಬೇಡ. ಸಿನ್ ಪೂರ್ತಿ ಉಚಿತ. ಸರ್ವಿಸ್ ಕೆನಡಾ ಕಚೇರಿಗೆ ಮೂಲ ಸ್ಟಡಿ ಪರ್ಮಿಟ್ ಮತ್ತು ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ಜೆರಾಕ್ಸ್ ನಡೆಯುವುದಿಲ್ಲ. ಎಲ್ಲ ಸರಿಯಿದ್ದರೆ ಅವತ್ತೇ ನಂಬರ್ ಇರುವ ಕಾಗದ ಕೊಡುತ್ತಾರೆ. ಆನ್‌ಲೈನ್‌ನಲ್ಲೂ, ಅಂಚೆಯಲ್ಲೂ ಹಾಕಬಹುದು, ಆದರೆ ಕಾಯಬೇಕಾಗುತ್ತದೆ. ಪ್ಲಾಸ್ಟಿಕ್ ಕಾರ್ಡ್ ಕೊಡುವುದು 2014ರ ಮಾರ್ಚ್ 31ಕ್ಕೇ ನಿಂತಿದೆ. ಹಾಗಾಗಿ ಕಾರ್ಡ್ ಬರಲಿಲ್ಲ ಎಂದು ಕಾಯಬೇಡಿ.

ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಸಿನ್‌ನಲ್ಲಿ ಹೆಸರು ಹೇಗೆ ಬರುತ್ತೆ?

ಬರೀ ಇನಿಷಿಯಲ್ ಇಟ್ಟುಕೊಂಡ ನಮ್ಮವರಲ್ಲಿ ಇದು ಜಾಸ್ತಿ. ಸರ್‌ನೇಮ್ ಇಲ್ಲದಿದ್ದರೆ ಪೂರ್ತಿ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಹಾಕಬೇಕು ಎಂಬುದು ಐಆರ್‌ಸಿಸಿ ಅರ್ಜಿಯ ನಿಯಮ. ಪರ್ಮಿಟ್‌ನಲ್ಲೂ ಹಾಗೇ ಬರುತ್ತದೆ. ಸಿನ್ ಕೂಡ ಪರ್ಮಿಟ್ ನೋಡಿಯೇ ಬರೆಯುತ್ತಾರೆ. ವಿಚಿತ್ರ ಅನಿಸಿದರೂ ಗಾಬರಿ ಬೇಡ. ಆದರೆ ಬ್ಯಾಂಕ್, ಕಾಲೇಜು, ಕೆಲಸದ ಜಾಗ, ಎಲ್ಲ ಕಡೆ ಅದೇ ರೀತಿ ಬರೆಸಿ. ಒಂದೊಂದು ಕಡೆ ಒಂದೊಂದು ಥರ ಇದ್ದರೆ ಮುಂದೆ ತೆರಿಗೆ ಲೆಕ್ಕ ಹೊಂದಿಸುವಾಗ ಸುಮ್ನೆ ಓಡಾಟ.

ಸಿನ್ ಇನ್ನೂ ಬಂದಿಲ್ಲ, ಸೋಮವಾರದಿಂದ ಬಾ ಅಂದಿದ್ದಾರೆ. ಹೋಗ್ಲಾ?

ಪರ್ಮಿಟ್‌ನಲ್ಲಿ ಅನುಮತಿ ಇದ್ದರೆ ಹೋಗಬಹುದು. ಕೆಲಸ ಶುರುವಾದ 3 ದಿನದೊಳಗೆ ಮಾಲೀಕರು ಸಿನ್ ಕೇಳಬೇಕು, ನಂಬರ್ ಇಲ್ಲದಿದ್ದರೆ ನೀವು ಅಷ್ಟರೊಳಗೆ ಅರ್ಜಿ ಹಾಕಬೇಕು. ನಂಬರ್ ಬಂದ ಮೇಲೆ ಕೊಡಲು 3 ದಿನ. ನಂಬರ್ ಇಲ್ಲ ಎಂದು ಅವರು ಸಂಬಳ ತಡೆಹಿಡಿದರೆ ಒಪ್ಪಬೇಡಿ. ಸಿನ್ ಇಲ್ಲದಿದ್ದರೂ ಹಿಡಿಯಬೇಕಾದ್ದನ್ನು ಹಿಡಿದು ಉಳಿದದ್ದನ್ನು ಕೊಡಲೇಬೇಕು.

ಮನೆ ಓನರ್ ಸಿನ್ ಕೇಳ್ತಿದ್ದಾರೆ. ಕೊಡದಿದ್ರೆ ಮನೆ ಸಿಗಲ್ಲ ಅಂತ ಭಯ.

ಮನೆ ಬಾಡಿಗೆಗೆ ಸಿನ್ ಕೊಡಬೇಕೆಂಬ ಕಾನೂನು ಇಲ್ಲ. ಫೋನ್ ಕನೆಕ್ಷನ್‌ಗೂ ಬೇಡ. ಮರ್ಯಾದೆಯಿಂದಲೇ ಹೇಳಿ: ಬೇರೆ ದಾಖಲೆ ಕೊಡುತ್ತೇನೆ, ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಾಲೇಜಿನ ಪತ್ರ. ಸಿನ್ ಕೊಡಬೇಕಾದವರು ಬೆರಳೆಣಿಕೆಯಷ್ಟು. ಕೆಲಸ ಕೊಟ್ಟವರು, ಬಡ್ಡಿ ಬರುವ ಖಾತೆ ತೆರೆಯುವ ಬ್ಯಾಂಕ್, ತೆರಿಗೆ ಇಲಾಖೆ ಸಿಆರ್‌ಎ, ಮತ್ತು ಫೀಸಿನ ತೆರಿಗೆ ಚೀಟಿ ಟಿ2202 ಕೊಡುವ ಕಾಲೇಜು.

ಇಂಟರ್‌ವ್ಯೂಗೆ ಮೊದಲೇ ಸಿನ್ ಕೇಳುವ ಕೆಲಸದ ಜಾಹೀರಾತನ್ನು ನಂಬಬೇಡಿ. "ನಿಮ್ಮ ಸಿನ್ ಸಸ್ಪೆಂಡ್ ಆಗಿದೆ, ಪೊಲೀಸರು ಬರುತ್ತಾರೆ, ಈಗಲೇ ದುಡ್ಡು ಕಟ್ಟಿ" ಎಂಬ ಫೋನು ಬಂದರೆ ಅದು ಮೋಸ. ಫೋನ್ ಇಟ್ಟುಬಿಡಿ. ಮನೆಯಿಂದ ದೂರ ಇರುವಾಗ ಇಂಥ ಕರೆ ಬಂದರೆ ಕೈಕಾಲು ನಡುಗುವುದು ಸಹಜ. ಅವರು ನೆಚ್ಚಿಕೊಂಡಿರುವುದೂ ಆ ಹೆದರಿಕೆಯನ್ನೇ.

## ಮೊದಲ ಸಂಬಳ ಬಂದಾಗ

48 ಗಂಟೆ ಕೆಲಸ ಮಾಡಿದ್ದೀನಿ, ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಬಂದಿದೆ. ನನ್ನ ದುಡ್ಡು ಯಾರು ಹಿಡಿದರು?

ಪೇ ಸ್ಟಬ್, ಅಂದರೆ ಸಂಬಳದ ಚೀಟಿ ತೆಗೆದು ಮುಂದೆ ಇಟ್ಟುಕೊಳ್ಳಿ. ಗಂಟೆಗೆ 18 ಡಾಲರ್, ಎರಡು ವಾರಕ್ಕೆ 48 ಗಂಟೆ ಎಂದರೆ 864 ಡಾಲರ್.

ಮೊದಲನೆಯದು ಸಿಪಿಪಿ, ಅಂದರೆ ಕೆನಡಾ ಪಿಂಚಣಿ ಯೋಜನೆ. ದರ 5.95%. ಆದರೆ ವರ್ಷದ ಮೊದಲ 3,500 ಡಾಲರ್‌ಗೆ ಸಿಪಿಪಿ ಇಲ್ಲ. ಈ 3,500ನ್ನು ವರ್ಷದ ಸಂಬಳದ ದಿನಗಳಿಗೆ ಹಂಚುತ್ತಾರೆ. ಎರಡು ವಾರಕ್ಕೊಮ್ಮೆ ಸಂಬಳ ಆದರೆ ವರ್ಷಕ್ಕೆ 26 ಸಲ, ಒಂದು ಸಲಕ್ಕೆ 134.61 ಡಾಲರ್. 864ರಲ್ಲಿ ಅದನ್ನು ಕಳೆದರೆ 729.39. ಅದರ 5.95% ಎಂದರೆ 43.40 ಡಾಲರ್.

ಎರಡನೆಯದು ಇಐ, ಅಂದರೆ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್. ದರ 1.64%. ಇದಕ್ಕೆ ಯಾವ ಕಳೆಯುವಿಕೆಯೂ ಇಲ್ಲ, ಮೊದಲ ಡಾಲರ್‌ನಿಂದಲೇ ಶುರು. 864ಕ್ಕೆ 14.17 ಡಾಲರ್.

ಎರಡೂ ಸೇರಿ 57.57. ಇದರ ಮೇಲೆ ಸ್ವಲ್ಪ ಆದಾಯ ತೆರಿಗೆಯನ್ನೂ ಹಿಡಿಯಬಹುದು. ಪೇ ಸ್ಟಬ್‌ನಲ್ಲಿ ಈ ಮೂರರ ಹೊರತು ಬೇರೆ ಏನಾದರೂ ಕಟ್ ಆಗಿದ್ದರೆ, ಸಮವಸ್ತ್ರದ ಹಣ, ಒಡೆದ ತಟ್ಟೆಯ ಹಣ ಎಂದು, ಏನು ಎತ್ತ ಎಂದು ಬರಹದಲ್ಲಿ ಕೇಳಿ.

ಇನ್ನೊಂದು ವಿಷಯ ಸ್ಟಬ್‌ನಲ್ಲಿ ಕಾಣುವುದಿಲ್ಲ. ನಿಮ್ಮ ಹೆಸರಿನಲ್ಲಿ ಮಾಲೀಕರೂ ಕಟ್ಟುತ್ತಿದ್ದಾರೆ. ಸಿಪಿಪಿಗೆ ನಿಮ್ಮಷ್ಟೇ, 43.40. ಇಐಗೆ ನಿಮ್ಮದರ 1.4 ಪಟ್ಟು, ಅಂದರೆ ಸುಮಾರು 19.84.

ನಾನು ಓದೋಕೆ ಬಂದವನು. ಇಲ್ಲಿ ಮುದುಕ ಆಗಲ್ಲ. ಪಿಂಚಣಿಗೆ ಕಟ್ಟಲ್ಲ ಅಂತ ಬರೆದುಕೊಡಬಹುದಾ?

ಆಗುವುದಿಲ್ಲ. 18ರಿಂದ 70ರ ವಯಸ್ಸಿನ ನಡುವೆ, 3,500 ಡಾಲರ್‌ಗಿಂತ ಹೆಚ್ಚು ಸಂಬಳ ಪಡೆಯುವ ಎಲ್ಲರೂ ಕಟ್ಟಬೇಕು. ವಿದ್ಯಾರ್ಥಿ, ವಿದೇಶಿ ಎಂಬ ವಿನಾಯಿತಿ ಇಲ್ಲ. ಭಾರತ ಮತ್ತು ಕೆನಡಾ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ 2015ರ ಆಗಸ್ಟ್ 1ರಿಂದ ಜಾರಿಯಲ್ಲಿದೆ, ಅದರಿಂದ ವಿನಾಯಿತಿ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆ ವಿನಾಯಿತಿ ಭಾರತದ ಕಂಪನಿಯೊಂದು ತನ್ನ ನೌಕರರನ್ನು ಸ್ವಲ್ಪ ಕಾಲಕ್ಕೆ ಇಲ್ಲಿಗೆ ಕಳಿಸಿದಾಗ. ಇಲ್ಲೇ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗೆ ಅದು ಅನ್ವಯಿಸುವುದಿಲ್ಲ.

ಟಿಡಿ1 ಅಂತ ಫಾರಂ ಕೊಟ್ಟಿದ್ದಾರೆ. ಏನು ತುಂಬಲಿ?

ಎಷ್ಟು ಆದಾಯ ತೆರಿಗೆ ಹಿಡಿಯಬೇಕು ಎಂದು ಮಾಲೀಕರಿಗೆ ತಿಳಿಸುವ ಫಾರಂ ಇದು. ಕೇಂದ್ರದ್ದೊಂದು, ಪ್ರಾಂತ್ಯದ್ದೊಂದು. 2025ಕ್ಕೆ ಕೇಂದ್ರದ ಮೂಲ ರಿಯಾಯಿತಿ 16,129 ಡಾಲರ್. ಓದಿನ ಫೀಸಿಗೂ ಅದರಲ್ಲಿ ಒಂದು ಸಾಲಿದೆ, ಬಿಡಬೇಡಿ. ಆ ವರ್ಷ ಕೆನಡಾಕ್ಕೆ ಬರುವ ಮೊದಲು ಬೇರೆ ಕಡೆ ದುಡಿದಿದ್ದರೆ ಅಲ್ಲಿರುವ ಅನಿವಾಸಿಗಳ ಪ್ರಶ್ನೆಯನ್ನು ನಿಧಾನವಾಗಿ ಓದಿ ತುಂಬಿ. ಟಿಡಿ1 ಬದಲಿಸಿದರೆ ಸಿಪಿಪಿ, ಇಐ ಬದಲಾಗುವುದಿಲ್ಲ. ತೆರಿಗೆ ಮಾತ್ರ.

ಎರಡು ಕಡೆ ಕೆಲಸ. ಒಂದೇ ಸಿನ್ ಎರಡೂ ಕಡೆ ಕೊಡಬಹುದಾ?

ಕೊಡಲೇಬೇಕು. ಒಬ್ಬರಿಗೆ ಒಂದೇ ಸಿನ್. ಟಿಡಿ1ರ ರಿಯಾಯಿತಿಯನ್ನು ಮಾತ್ರ ಒಂದೇ ಕಡೆ ಕೇಳಿ. ಎರಡನೇ ಕಡೆ, ಬೇರೆ ಮಾಲೀಕರೂ ಇದ್ದಾರೆ ಎಂದು ಗುರುತು ಹಾಕಿ. ಎರಡೂ ಕಡೆ ಕೇಳಿದರೆ ಏಪ್ರಿಲ್‌ನಲ್ಲಿ ತೆರಿಗೆ ಬಾಕಿ ಬರುತ್ತದೆ. ಕ್ಯಾಂಪಸ್ ಹೊರಗಿನ ಗಂಟೆಗಳನ್ನು ಎರಡೂ ಕಡೆಯದು ಸೇರಿಸಿ 24ರೊಳಗೆ ಇಟ್ಟುಕೊಳ್ಳಿ. ಪ್ರತಿ ಕಡೆ 24 ಅಲ್ಲ.

ನಾನು ಮಾಂಟ್ರಿಯಲ್‌ನಲ್ಲಿದ್ದೀನಿ. ನನ್ನ ಸ್ಟಬ್‌ನಲ್ಲಿ ಸಿಪಿಪಿನೇ ಇಲ್ಲ.

ಕ್ವಿಬೆಕ್‌ಗೆ ತನ್ನದೇ ಪಿಂಚಣಿ ಯೋಜನೆ ಇದೆ, ಕ್ಯುಪಿಪಿ. ದರ 6.4%. ಇಐ ಅಲ್ಲಿ ಕಡಿಮೆ, 1.31%. ಹೆರಿಗೆ ಮತ್ತು ಪೋಷಕರ ವಿಮೆಗೆ ಬೇರೆಯೇ ಹಿಡಿಯುತ್ತಾರೆ. ತೆರಿಗೆ ರಿಟರ್ನ್ ಕೂಡ ಎರಡು, ಒಂದು ಕೇಂದ್ರಕ್ಕೆ, ಒಂದು ಕ್ವಿಬೆಕ್‌ಗೆ.

ಕ್ಯಾಶ್ ಕೊಡ್ತೀವಿ, ಏನೂ ಕಟ್ ಆಗಲ್ಲ, ನಿನಗೂ ಲಾಭ ಅಂತಿದ್ದಾರೆ. ಒಪ್ಕೊಳ್ಲಾ?

ದಯವಿಟ್ಟು ಬೇಡ. ನನ್ನ ಮೊದಲ ಚಳಿಗಾಲದಲ್ಲಿ ನಾನು ಒಪ್ಪಿಕೊಂಡಿದ್ದೆ. ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಮೊದಲ ತಿಂಗಳು ಸರಿಯಾಗಿ ಕೊಟ್ಟರು. ಆಮೇಲೆ ಮೂರು ವಾರದ ಕೂಲಿ ಬಾಕಿ ಇಟ್ಟು, ಇನ್ನು ಬರಬೇಡ ಎಂದರು. ದೂರು ಕೊಡಲು ಹೋದರೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ನಾನು ಅಲ್ಲಿ ದುಡಿದದ್ದೇ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕೈಗೆ ನಗದು ಕೊಡುವುದು ತಪ್ಪಲ್ಲ. ಲೆಕ್ಕದಲ್ಲಿ ಬರೆಯದೆ ಕೊಡುವುದು ತಪ್ಪು. ಆಗ ನಿಮಗೆ ತಪ್ಪುವುದು 57 ಡಾಲರ್‌ನ ಕಡಿತ ಮಾತ್ರವಲ್ಲ. ಮಾಲೀಕರು ಕಟ್ಟಬೇಕಾದ ಪಾಲೂ ಹೋಗುತ್ತದೆ. ಇಐ ಗಂಟೆಗಳು ಹೋಗುತ್ತವೆ. ಕೈ ಸುಟ್ಟುಕೊಂಡರೆ, ಜಾರಿ ಬಿದ್ದರೆ, ಕೆಲಸದ ಜಾಗದ ಗಾಯಕ್ಕೆ ಪ್ರಾಂತ್ಯದ ಪರಿಹಾರ ನಿಧಿ ಇದೆ, ಅದಕ್ಕೆ ಮಾಲೀಕರೇ ಕಟ್ಟುತ್ತಾರೆ. ಆದರೆ ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂದು ತೋರಿಸುವುದೇ ಕಷ್ಟವಾಗುತ್ತದೆ. ಮುಂದೆ ಪಿಆರ್, ಅಂದರೆ ಕಾಯಂ ವಾಸದ ಅರ್ಜಿಗೆ ಕೆಲಸದ ಅನುಭವ ತೋರಿಸುವಾಗಲೂ ಟಿ4 (ಮಾಲೀಕರು ಕೊಡುವ ವರ್ಷದ ಸಂಬಳ, ಕಡಿತಗಳ ಚೀಟಿ), ಪೇ ಸ್ಟಬ್‌ಗಳೇ ಆಧಾರ. ಕಡಿತದ ಸಾಲುಗಳಿರುವ ಪೇ ಸ್ಟಬ್ ಎಂದರೆ ನಿಮ್ಮ ದುಡಿಮೆಗೆ ಸಾಕ್ಷಿ.

## ವರ್ಷ ಮುಗಿದ ಮೇಲೆ

ಟಿ4 ಯಾವಾಗ ಬರುತ್ತೆ? ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತು.

ಬಿಟ್ಟಿದ್ದರೂ ಕೊಡಬೇಕು, ಫೆಬ್ರವರಿ ಕೊನೆಯೊಳಗೆ. ಸಿಆರ್‌ಎ ಆನ್‌ಲೈನ್ ಖಾತೆಯಲ್ಲೂ ಸಿಗುತ್ತದೆ. ಬಾಕ್ಸ್ 14ರಲ್ಲಿ ಒಟ್ಟು ಸಂಬಳ, 16ರಲ್ಲಿ ಸಿಪಿಪಿ, 18ರಲ್ಲಿ ಇಐ, 22ರಲ್ಲಿ ತೆರಿಗೆ. ವರ್ಷದ ಕೊನೆಯ ಪೇ ಸ್ಟಬ್ ಪಕ್ಕಕ್ಕಿಟ್ಟು ನಾಲ್ಕನ್ನೂ ತಾಳೆ ನೋಡಿ. ಸ್ಟಬ್‌ನಲ್ಲಿ ಹಿಡಿದು ಟಿ4ನಲ್ಲಿ ತೋರಿಸದಿದ್ದರೆ ಮೊದಲು ಮಾಲೀಕರನ್ನು ಕೇಳಿ, ಸರಿ ಮಾಡದಿದ್ದರೆ ಸಿಆರ್‌ಎಗೆ ತಿಳಿಸಿ. ಸ್ಟಬ್‌ಗಳನ್ನು 6 ವರ್ಷ ಇಟ್ಟುಕೊಳ್ಳಿ. ವಿಳಾಸ ಬದಲಾದರೆ ಹಳೇ ಮಾಲೀಕರಿಗೂ ಒಂದು ಮೆಸೇಜ್ ಹಾಕಿ.

ನಾನು ದುಡಿದಿದ್ದೇ 5 ಸಾವಿರ ಡಾಲರ್. ಇಷ್ಟಕ್ಕೂ ಟ್ಯಾಕ್ಸ್ ರಿಟರ್ನ್ ಹಾಕಬೇಕಾ?

ಹಾಕಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಸೆಪ್ಟೆಂಬರ್‌ನಲ್ಲಿ ಬಂದಿರಿ, ಅಕ್ಟೋಬರ್‌ನಲ್ಲಿ ಕೆಲಸ ಸಿಕ್ಕಿತು, ಡಿಸೆಂಬರ್ ಒಳಗೆ 6 ಸಂಬಳ ಬಂದವು. ಒಟ್ಟು 5,184 ಡಾಲರ್. ಪ್ರತಿ ಸಲ 43.40ರಂತೆ 260.40 ಡಾಲರ್ ಸಿಪಿಪಿ ಹಿಡಿದಿದ್ದಾರೆ. ಪ್ರತಿ ಸಲ ಕಳೆದದ್ದು 134.61 ಮಾತ್ರ, ಯಾಕೆಂದರೆ ನೀವು ವರ್ಷವಿಡೀ ದುಡಿಯುತ್ತೀರಿ ಎಂಬ ಲೆಕ್ಕ. ಆದರೆ ರಿಟರ್ನ್ ಹಾಕುವಾಗ ಪೂರ್ತಿ 3,500 ಕಳೆಯುತ್ತಾರೆ. 5,184ರಲ್ಲಿ 3,500 ಹೋದರೆ 1,684. ಅದರ 5.95% ಎಂದರೆ 100.20. ನೀವು ಕಟ್ಟಬೇಕಿದ್ದದ್ದು ಅಷ್ಟೇ. ಉಳಿದ 160.20 ಡಾಲರ್ ವಾಪಸ್ ಬರುತ್ತದೆ. ವರ್ಷದ ಸಂಬಳ 3,500 ದಾಟದಿದ್ದರೆ ಸಿಪಿಪಿ ಪೂರ್ತಿ ವಾಪಸ್. ಇಐಗೆ ಇಷ್ಟು ಉದಾರತೆ ಇಲ್ಲ. ವರ್ಷದ ಸಂಬಳ 2,000 ಡಾಲರ್ ಒಳಗಿದ್ದರೆ ಮಾತ್ರ ಅದು ಹಿಂದಿರುಗುತ್ತದೆ.

ಇದರ ಜೊತೆಗೆ, ಹೆಚ್ಚಾಗಿ ಹಿಡಿದ ಆದಾಯ ತೆರಿಗೆಯೂ ಬರುತ್ತದೆ. ಕಟ್ಟಿದ ಫೀಸಿನ ರಿಯಾಯಿತಿ ಬಳಕೆಯಾಗದಿದ್ದರೆ ಮುಂದಿನ ವರ್ಷಗಳಿಗೆ ಉಳಿಯುತ್ತದೆ. ಒಳ್ಳೆ ಕೆಲಸ ಸಿಕ್ಕ ಮೇಲೆ ಅದು ದೊಡ್ಡ ಸಹಾಯ.

ರಿಟರ್ನ್ ಹಾಕದವರಿಗೆ ಯಾರೂ ತಾವಾಗಿ ಕಳಿಸುವುದಿಲ್ಲ. ಕೊನೆಯ ದಿನ ಏಪ್ರಿಲ್ 30. ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಉಚಿತವಾಗಿ ಹಾಕಿಕೊಡುವ ಶಿಬಿರಗಳು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನಡೆಯುತ್ತವೆ. ಎಷ್ಟೋ ಕ್ಯಾಂಪಸ್‌ಗಳಲ್ಲೂ ಇರುತ್ತವೆ. ಹೋದ ವರ್ಷದ್ದು ಬಿಟ್ಟುಹೋಗಿದ್ದರೆ ಈಗಲೂ ಹಾಕಿ.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ನೀನು ಕಾಂಟ್ರಾಕ್ಟರ್ ಅಂತ ಸೈನ್ ಮಾಡಿಸಿಕೊಂಡಿದ್ದಾರೆ. ಆದ್ರೆ ಶಿಫ್ಟ್ ಹಾಕೋದು, ಬೈಯೋದು ಎಲ್ಲ ಅವರೇ.

ಕಾಗದದಲ್ಲಿ ಏನು ಬರೆದಿದೆ ಎಂಬುದಷ್ಟೇ ಮುಖ್ಯವಲ್ಲ. ಸಮಯ ಯಾರು ಹೇಳುತ್ತಾರೆ, ಸಾಮಾನು ಯಾರದು, ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದಾ, ನಷ್ಟ ಆದರೆ ಯಾರಿಗೆ ಎಂದು ನೋಡುತ್ತಾರೆ. ಎಲ್ಲ ಅವರ ಹಿಡಿತದಲ್ಲಿದ್ದರೆ ನೀವು ನೌಕರರು. ಕಾಂಟ್ರಾಕ್ಟರ್ ಎಂದು ತೋರಿಸಿದಾಗ ಅವರ ಪಾಲಿನ ಸಿಪಿಪಿಯೂ ನಿಮ್ಮ ತಲೆಗೆ ಬರುತ್ತದೆ, 5.95ರ ಬದಲು 11.9%. ಯಾವುದು ಸರಿ ಎಂದು ತೀರ್ಮಾನ ಕೊಡಲು ಸಿಆರ್‌ಎಯನ್ನು ಕೇಳಬಹುದು. ಸಿಪಿಟಿ1 ಎಂಬ ಫಾರಂ ಇದೆ. ದುಡಿದ ವರ್ಷದ ಮುಂದಿನ ವರ್ಷ ಜೂನ್ 29ರೊಳಗೆ ಕೇಳಬೇಕು.

ಊಟ ತಲುಪಿಸುವ ಆ್ಯಪ್‌ಗಳಲ್ಲಿ ದುಡಿಯುವವರು ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕದಲ್ಲೇ ಇರುತ್ತಾರೆ. ಅಲ್ಲಿ ಯಾರೂ ಏನೂ ಹಿಡಿಯುವುದಿಲ್ಲ. ಖರ್ಚು ಕಳೆದ ಲಾಭ 3,500 ದಾಟಿದರೆ ಸಿಪಿಪಿ ನೀವೇ ಕಟ್ಟಬೇಕು. ಬಂದದ್ದರಲ್ಲಿ ಸ್ವಲ್ಪ ಬೇರೆ ಎತ್ತಿಡಿ.

ಕೆಲಸದಿಂದ ತೆಗೆದ್ರು. ಒಂದೂವರೆ ವರ್ಷ ಇಐ ಕಟ್ಟಿದ್ದೀನಿ, ಈಗ ದುಡ್ಡು ಸಿಗುತ್ತಾ?

ಪೂರ್ಣಾವಧಿ ಓದುತ್ತಿದ್ದರೆ ನಿರುದ್ಯೋಗ ಭತ್ಯೆ ಸಿಗುವುದು ಕಷ್ಟ. ಭತ್ಯೆಗೆ ದುಡಿದ ಗಂಟೆಗಳಷ್ಟೇ ಸಾಲದು, ನಾಳೆಯೇ ಕೆಲಸಕ್ಕೆ ಹೋಗಲು ಸಿದ್ಧ ಎಂದೂ ತೋರಿಸಬೇಕು. ಪೂರ್ಣಾವಧಿ ವಿದ್ಯಾರ್ಥಿ ಸಿದ್ಧರಿಲ್ಲ ಎಂದೇ ಮೊದಲು ಎಣಿಸುತ್ತಾರೆ. ಕಟ್ಟಿದ್ದೂ ಸಿಗುವುದಿಲ್ಲವಲ್ಲ ಎಂದು ಬೇಸರ ಆಗುತ್ತದೆ. ಆ ಬೇಸರ ನ್ಯಾಯವಾದದ್ದೇ.

ಆದರೆ ಓದು ಮುಗಿದು ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್‌ನಲ್ಲಿದ್ದಾಗ ಕೆಲಸ ಹೋದರೆ ಮಾತು ಬೇರೆ. ಕಳೆದ 52 ವಾರಗಳಲ್ಲಿ 420ರಿಂದ 700 ಗಂಟೆ ಬೇಕು. ಎಷ್ಟು ಎಂಬುದು ನಿಮ್ಮ ಪ್ರದೇಶದ ನಿರುದ್ಯೋಗ ಪ್ರಮಾಣದ ಮೇಲೆ. ಓದುವಾಗ ದುಡಿದ ಗಂಟೆಗಳೂ ಆ 52 ವಾರದೊಳಗೆ ಬಂದರೆ ಎಣಿಕೆಗೆ ಸೇರುತ್ತವೆ. ಕೆಲಸ ಹೋದ ಕೂಡಲೇ ಮಾಲೀಕರಿಂದ ಆರ್‌ಒಇ, ಅಂದರೆ ರೆಕಾರ್ಡ್ ಆಫ್ ಎಂಪ್ಲಾಯ್‌ಮೆಂಟ್ ಆಗಬೇಕು. ಅದು ಬರಲಿ ಎಂದು ಅರ್ಜಿ ತಡ ಮಾಡಬೇಡಿ.

ಕಾಯಿಲೆಯ ಭತ್ಯೆ, ಹೆರಿಗೆ ಭತ್ಯೆಗೆ 600 ಗಂಟೆ. ವಾರಕ್ಕೆ 24ರಂತೆ 25 ವಾರ. ಕಾಯಿಲೆಯ ಭತ್ಯೆಗೆ ಮಾತ್ರ, ಹುಷಾರಾಗಿದ್ದರೆ ಕೆಲಸಕ್ಕೆ ಹೋಗುತ್ತಿದ್ದೆ ಎಂದೂ ತೋರಿಸಬೇಕು.

ಪರ್ಮಿಟ್ ಮುಗೀತಿದೆ, ಎಕ್ಸ್‌ಟೆನ್ಷನ್‌ಗೆ ಹಾಕಿದ್ದೀನಿ. ಸಿನ್ ಡೇಟೂ ಮುಗಿಯುತ್ತೆ. ಕೆಲಸ ನಿಲ್ಲಿಸಬೇಕಾ?

ಪರ್ಮಿಟ್ ಮುಗಿಯುವ ಮೊದಲೇ ಅರ್ಜಿ ಹಾಕಿ, ಕೆನಡಾದಲ್ಲೇ ಇದ್ದು, ಓದು ಮುಂದುವರಿಸುತ್ತಿದ್ದರೆ, ತೀರ್ಮಾನ ಬರುವ ತನಕ ಹಳೇ ಷರತ್ತಿನಲ್ಲೇ ಕೆಲಸ ಮಾಡಬಹುದು. ಅರ್ಜಿ ತಲುಪಿದ ಪತ್ರವನ್ನು ಮಾಲೀಕರಿಗೆ ಕೊಡಿ. ಹೊಸ ಪರ್ಮಿಟ್ ಬಂದ ಮೇಲೆ ಸರ್ವಿಸ್ ಕೆನಡಾದಲ್ಲಿ ಸಿನ್ ದಿನಾಂಕ ಬದಲಿಸಿ. ಇದು ತಾನಾಗಿ ಆಗುವುದಿಲ್ಲ. ನಂಬರ್ ಅದೇ ಇರುತ್ತದೆ. ಪಿಆರ್ ಆದಾಗ ಮಾತ್ರ 9ರಿಂದ ಶುರುವಾಗದ ಹೊಸ ನಂಬರ್ ಕೊಡುತ್ತಾರೆ. ಅದನ್ನು ಮಾಲೀಕರು, ಬ್ಯಾಂಕ್, ಸಿಆರ್‌ಎ ಎಲ್ಲರಿಗೂ ತಿಳಿಸಬೇಕು.

ಓದು ಮುಗಿಸಿ ಊರಿಗೆ ವಾಪಸ್ ಹೊರಟಿದ್ದೀನಿ. ಸಿಪಿಪಿ ದುಡ್ಡು ಪಿಎಫ್ ಥರ ತೆಗೆದುಕೊಂಡು ಹೋಗಬಹುದಾ?

ತೆಗೆಯಲು ಬರುವುದಿಲ್ಲ. ದೇಶ ಬಿಟ್ಟರೂ ಸಿಪಿಪಿಯನ್ನು ಒಟ್ಟಿಗೆ ಹಿಂದಿರುಗಿಸುವುದಿಲ್ಲ. ಆದರೆ ಅದು ಮುಳುಗಿಹೋಗುವುದೂ ಇಲ್ಲ. ನಿವೃತ್ತಿ ಪಿಂಚಣಿಗೆ ಒಂದೇ ಒಂದು ಸರಿಯಾದ ಕಂತು ಕಟ್ಟಿದ್ದರೂ ಸಾಕು. ಸಾಮಾನ್ಯ ವಯಸ್ಸು 65. ಬೇಕಿದ್ದರೆ 60ರಿಂದ ಕಡಿಮೆ ಮೊತ್ತಕ್ಕೆ ತೆಗೆದುಕೊಳ್ಳಬಹುದು. ಯಾವ ದೇಶದಲ್ಲಿದ್ದರೂ ಕಳಿಸುತ್ತಾರೆ. ಎರಡು ವರ್ಷ ಅರೆಕಾಲಿಕ ದುಡಿದವರಿಗೆ ಬರುವುದು ಚಿಕ್ಕ ಮೊತ್ತ. ಆದರೂ ಅದು ನಿಮ್ಮದು, ಮತ್ತು ಅರ್ಜಿ ಹಾಕಿದರೆ ಮಾತ್ರ ಬರುತ್ತದೆ.

ಭಾರತದ ಜೊತೆಗಿನ ಒಪ್ಪಂದ ಉಪಯೋಗಕ್ಕೆ ಬರುವುದು ಇಂಥ ಕಡೆ. ಕೆಲವು ಸವಲತ್ತಿಗೆ ಕನಿಷ್ಠ ವರ್ಷ ಬೇಕು. ಉದಾಹರಣೆಗೆ, ಕಟ್ಟಿದವರು ತೀರಿಕೊಂಡರೆ ಸಂಗಾತಿಗೆ ಸಿಗುವ ಪಿಂಚಣಿಗೆ ಕನಿಷ್ಠ 3 ವರ್ಷ ಕಟ್ಟಿರಬೇಕು. ಇಲ್ಲಿನ ವರ್ಷ ಸಾಲದಿದ್ದರೆ ಭಾರತದಲ್ಲಿ ಕಟ್ಟಿದ ಅವಧಿಯನ್ನು ಸೇರಿಸಿ ಅರ್ಹತೆ ನೋಡುತ್ತಾರೆ.

ಹೊರಡುವ ಮೊದಲು ಸರ್ವಿಸ್ ಕೆನಡಾ ಆನ್‌ಲೈನ್ ಖಾತೆಗೆ ಹೋಗಿ, ಸಿಪಿಪಿ ಕಂತುಗಳ ಪಟ್ಟಿ ತೆಗೆದು, ಟಿ4ಗಳ ಜೊತೆ ತಾಳೆ ನೋಡಿ ಇಟ್ಟುಕೊಳ್ಳಿ. ಯಾವುದಾದರೂ ವರ್ಷ ಬಿಟ್ಟುಹೋಗಿದ್ದರೆ ಈಗಲೇ ಸರಿ ಮಾಡಿಸಿ. ಕೊನೆಯ ವರ್ಷದ ರಿಟರ್ನ್ ಮರುವರ್ಷದ ಏಪ್ರಿಲ್‌ಗೆ ಬರುತ್ತದೆ, ಅಷ್ಟರಲ್ಲಿ ನೀವು ಊರಲ್ಲಿರುತ್ತೀರಿ. ಅದಕ್ಕೇ ರಿಫಂಡ್ ಬರುವ ತನಕ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಸಿಆರ್‌ಎಗೆ ಊರಿನ ವಿಳಾಸ ಕೊಡಿ. ಸಿನ್ ಕಾಗದ, ಟಿ4ಗಳು, ಕಂತಿನ ಪಟ್ಟಿ, ಮೂರನ್ನೂ ಡಿಗ್ರಿ ಸರ್ಟಿಫಿಕೇಟ್ ಇಡುವ ಫೈಲಿನಲ್ಲೇ ಇಡಿ.